ಬಿರುಕಿನ ಮೇಲಿನ ಗಾಜು

ಕೋಟೆಯ ಕಾವಲಿಗೆ ನಿಂತವನು ದಿನವಿಡೀ ನೋಡುವುದು ಜನರ ಕೈಗಳನ್ನು. ಮುಖ ನೋಡಿ ಪ್ರಯೋಜನವಿಲ್ಲ, ಮುಖ ಎಲ್ಲರದೂ ಒಳ್ಳೆಯದೇ. ಕೈಯಲ್ಲಿ ಗೋಡೆ ಗೀಚುವ ಮೊಳೆ ಇದೆಯೇ, ಇದ್ದಿಲಿದೆಯೇ, ಹೆಗಲ ಚೀಲದಲ್ಲಿ ಹಾರೆಯ ತುದಿ ಕಾಣುತ್ತಿದೆಯೇ, ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳಬಹುದಾದದ್ದು ಇಂಥ ಸಣ್ಣ ವಿಷಯಗಳನ್ನೇ. ನಾನು ಓದಿರುವುದು ಹತ್ತನೆಯ ತರಗತಿ. ಶಾಸನ ಓದಲು ಬರುವುದಿಲ್ಲ. ಶ್ರೀರಂಗಪಟ್ಟಣದ ಕೋಟೆ ಗೋಡೆಯ ಒಂದು ಭಾಗವನ್ನು ನಿವೃತ್ತಿಯಾಗುವವರೆಗೆ ಕಾದೆ, ಅಷ್ಟೇ.

ಬರೆಯಲು ಇನ್ನೊಂದು ಕಾರಣವಿದೆ. ಅದೇ ಗೋಡೆಯ ಗಾರೆ ಕೆಲಸ ಮಾಡುತ್ತಿದ್ದ ಅನ್ವರ್ ತೀರಿಕೊಂಡು ವರ್ಷವಾಗುತ್ತಾ ಬಂತು. ಅವನಿದ್ದಾಗ ಈ ಕಥೆಗಳನ್ನು ನಾವಿಬ್ಬರೇ ಹೇಳಿಕೊಳ್ಳುತ್ತಿದ್ದೆವು. ನಾನು ತಪ್ಪಿದರೆ ಅವನು ತಿದ್ದುತ್ತಿದ್ದ. ಅವನು ಬಣ್ಣ ಕಟ್ಟಿದರೆ ನಾನು ತಡೆಯುತ್ತಿದ್ದೆ. ಈಗ ತಿದ್ದುವವರಿಲ್ಲ. ನೆನಪು ನನ್ನೊಬ್ಬನ ಕೈಯಲ್ಲೇ ಉಳಿದರೆ ಅದೂ ನಂಬಿಕೆಗೆ ಯೋಗ್ಯವಲ್ಲ ಎನಿಸಿ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಸ್ವಾಮಿ, ಮಳವಳ್ಳಿಯವನು. ಬೆಳಗಿನ ಬಸ್ಸಿಗೆ ನಾನು ಮಳವಳ್ಳಿಯಲ್ಲಿ ಹತ್ತಿದರೆ ಅನ್ವರ್ ಕಿರುಗಾವಲಿನಲ್ಲಿ ಹತ್ತುತ್ತಿದ್ದ. ಬನ್ನೂರಿನಲ್ಲಿ ಇಳಿದು ಶ್ರೀರಂಗಪಟ್ಟಣದ ಬಸ್ಸು ಹಿಡಿಯುತ್ತಿದ್ದೆವು. ಅವನಿಗೆಂದು ಕಿಟಕಿ ಪಕ್ಕದ ಸೀಟಿನ ಮೇಲೆ ಟವಲು ಹಾಸಿ ಇಡುತ್ತಿದ್ದೆ. ಯಾರಾದರೂ ಕೇಳಿದರೆ "ಜನ ಅವ್ರೆ" ಎನ್ನುತ್ತಿದ್ದೆ. ಆ ಒಂದು ಸುಳ್ಳನ್ನು ದಿನವೂ ಹೇಳಿದ್ದೇನೆ, ಏಕೆಂದರೆ ಜನ ಇನ್ನೂ ಕಿರುಗಾವಲಿನ ಅಂಗಡಿ ಮುಂದೆ ಟೀ ಕುಡಿಯುತ್ತಿರುತ್ತಿದ್ದ.

ಕೆಲಸಕ್ಕೆ ಸೇರಿದ ಮೊದಲ ವಾರ, ನನಗಿಂತ ಮುಂಚಿನ ಕಾವಲುಗಾರ ಗೋಡೆಯ ಉದ್ದಕ್ಕೂ ನಡೆಸಿಕೊಂಡು ಹೋಗಿ ತೋರಿಸಿದ. ಆತ ಹೆಚ್ಚು ಮಾತಿನವನಲ್ಲ. ಬಾಗಿಲಿನೊಳಗೆ ಹೋಗುತ್ತಿದ್ದಂತೆ ದಾರಿ ಪಕ್ಕಕ್ಕೆ ತಿರುಗುತ್ತದೆ, ಇನ್ನೊಮ್ಮೆ ತಿರುಗುತ್ತದೆ. "ನೇರ ದಾರಿ ಮಡಗಿದ್ರೆ ಆನೆ ಓಡ್ಬಂದು ಬಾಗ್ಲು ಗುದ್ದದು. ಇಲ್ಲಿ ಓಡಕೆ ಜಾಗ ಎಲ್ಲದೆ?" ಎಂದ. ನಿಜ, ಅಲ್ಲಿ ಆನೆಯಿರಲಿ, ಸೈಕಲ್ಲೂ ಬ್ರೇಕು ಹಿಡಿಯಬೇಕು. ಆಮೇಲೆ ಹೊರಗೋಡೆ, ಅದರ ಹಿಂದೆ ಕಂದಕ, ಅದರಾಚೆ ಒಳಗೋಡೆ. ಹೊರಗೋಡೆ ಹತ್ತಿ ಬಂದವನು ಗೆದ್ದೆ ಎಂದುಕೊಂಡು ಕೆಳಗಿಳಿದರೆ ಎರಡು ಗೋಡೆಗಳ ನಡುವೆ ಸಿಕ್ಕಿಬೀಳುತ್ತಾನೆ. ಮೇಲಿನಿಂದ ಗುಂಡು ಹಾರಿಸಲು ಸಣ್ಣ ಕಿಂಡಿಗಳಿವೆ. ಅವು ಒಳಗೆ ಅಗಲ, ಹೊರಗೆ ಕಿರಿದು. ಒಳಗಿನವನಿಗೆ ಹೊರಗಿನದೆಲ್ಲ ಕಾಣಬೇಕು, ಹೊರಗಿನವನಿಗೆ ಇವನು ಕಾಣಬಾರದು.

ನನಗೆ ಆಶ್ಚರ್ಯವಾದದ್ದು ಗೋಡೆಯ ಹೊಟ್ಟೆ. ಇಡೀ ಗೋಡೆ ಕಲ್ಲಿನದೆಂದು ನಾನು ತಿಳಿದಿದ್ದೆ. ಕಲ್ಲು ಮುಖಕ್ಕೆ ಮಾತ್ರ. ಒಳಗೆ ತುಂಬಿರುವುದು ಮಣ್ಣು. ಬರೀ ಕಲ್ಲಾಗಿದ್ದರೆ ಫಿರಂಗಿ ಗುಂಡು ಬಿದ್ದಾಗ ಸಿಡಿದು ಹೋಗುತ್ತದೆ. ಮಣ್ಣಾದರೆ ಗುಂಡನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಆದರೆ ಮಣ್ಣು ನೀರನ್ನೂ ಹಾಗೆಯೇ ನುಂಗುತ್ತದೆ. ಅದಕ್ಕಾಗಿ ಗೋಡೆಯ ಬುಡದಲ್ಲಿ ಅಲ್ಲಲ್ಲಿ ಚೌಕದ ರಂಧ್ರ ಬಿಟ್ಟಿದ್ದರು. ಅವನ್ನು ನಾವು ತೂಬು ಎನ್ನುತ್ತಿದ್ದೆವು. ಒಳಗಿನ ನೀರು ಅಲ್ಲಿಂದ ಕಂದಕಕ್ಕೆ ಇಳಿಯುತ್ತಿತ್ತು. ಮುಂಗುಸಿಗಳೂ ಅಲ್ಲೇ ಓಡಾಡುತ್ತಿದ್ದವು.

ಇಂಥ ಗೋಡೆಯ ಪಕ್ಕ ವರ್ಷಗಟ್ಟಲೆ ನಿಂತರೆ ಮನುಷ್ಯನಿಗೂ ಅದರ ಬುದ್ಧಿಯೇ ಬರುತ್ತದೆ. ನಮ್ಮ ಮಳವಳ್ಳಿಯಲ್ಲಿ ಹಿಂದೆ ಕೋಟೆಯಿತ್ತೆಂದು ಹಿರಿಯರು ಹೇಳುತ್ತಿದ್ದರು. ಕಲ್ಲುಗಳೆಲ್ಲ ಎಲ್ಲಿ ಹೋದವು ಎಂದು ಚಿಕ್ಕವನಿದ್ದಾಗ ನಾನು ಕೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಊರಿನ ಪ್ರತಿ ಜಗುಲಿಯನ್ನೂ ಬಗ್ಗಿ ನೋಡತೊಡಗಿದೆ. ಮದುವೆಯಾದ ಹೊಸತರಲ್ಲಿ ಮದ್ದೂರಿನ ಮಾವನ ಮನೆಗೆ ಹೋದೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಹಳೆಯ ಉಳಿ ಗುರುತುಗಳಿದ್ದವು. ನಮ್ಮ ಗೋಡೆಯಲ್ಲಿರುವಂಥವೇ. ಬಾಯಿ ತಡೆಯದೆ ಅತ್ತೆಯವರನ್ನು ಕೇಳಿಬಿಟ್ಟೆ, ಈ ಕಲ್ಲು ಎಲ್ಲಿಂದ ಬಂತೆಂದು.

ಅತ್ತೆ ಒಳಗೆ ಹೋಗಿ ಮಾವನಿಗೆ ಹೇಳಿದ್ದು ನನಗೂ ಕೇಳಿಸಿತು: "ಅಳಿಮಯ್ಯ ಉಂಗ್ರ ಕೇಳ್ತಾನೆ ಅನ್ಕಂಡಿದ್ದೆ. ಕಲ್ಲಿನ್ ಲೆಕ್ಕ ಕೇಳ್ತಾವ್ನೆ. ಮಗಳ್ನ ಪೊಲೀಸ್ನೋರಿಗೆ ಕೊಟ್ಬುಟ್ವ ಎಂಗೆ?"

ಕಾವಲುಗಾರನ ಅನುಮಾನ ಹೆಚ್ಚಾದರೂ ತಪ್ಪು, ಕಮ್ಮಿಯಾದರೂ ತಪ್ಪು. ಒಮ್ಮೆ ಕಂದಕದೊಳಗೆ ಯಾರೋ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಹೋಗಿ ಟೇಪು ಕಿತ್ತುಕೊಂಡು ಬೇವಿನ ಮರದ ಕೆಳಗೆ ಕೂರಿಸಿದೆ. ಅವರು ನಮ್ಮ ಇಲಾಖೆಯ ದೊಡ್ಡ ಅಧಿಕಾರಿ ಎಂದು ಆಮೇಲೆ ತಿಳಿಯಿತು. ಬೈಯುತ್ತಾರೆಂದು ಕೈಕಟ್ಟಿ ನಿಂತೆ. ಬೈದರು, ಆದರೆ ಬೇರೆ ಕಾರಣಕ್ಕೆ. "ಬೆಳಗ್ಗೆಯಿಂದ ಅಳೀತಾ ಇದೀನಿ, ಈಗ ಬಂದೆಯಾ? ಇಷ್ಟು ಹೊತ್ತು ಎಲ್ಲಿ ಮಲಗಿದ್ದೆ?" ಎಂದರು.

ಇನ್ನು ತಾಯಮ್ಮನ ವಿಷಯ. ಅವಳ ಮನೆ ಒಳಗೋಡೆಯ ಹಿಂಭಾಗಕ್ಕೆ, ಊರೊಳಗಡೆ, ಅಂಟಿಕೊಂಡಂತೆ ಇತ್ತು. ಮನೆ ಮುಂದೆ ಬೀದಿ ನಲ್ಲಿ. ಅವಳ ಎಮ್ಮೆ ಮಾತ್ರ ಗೋಡೆಯ ಈಚೆ, ಕಂದಕದಲ್ಲಿ ಮೇಯುತ್ತಿತ್ತು. ಬಿಸಿಲು ಚೆನ್ನಾಗಿ ಬೀಳುವುದೂ ಈ ಮುಖಕ್ಕೇ. ಹಾಗಾಗಿ ಸಗಣಿ ಅಲ್ಲೇ ಎತ್ತಿ ಅಲ್ಲೇ ಗೋಡೆಗೆ ಬೆರಣಿ ತಟ್ಟುತ್ತಿದ್ದಳು. ಸ್ಮಾರಕದ ಮೇಲೆ ಬೆರಣಿ ತಟ್ಟಬಾರದೆಂದು ನಾನು ಕಿತ್ತು ಎಸೆಯುವುದು, ಅವಳು ಮತ್ತೆ ತಟ್ಟುವುದು. ಅವಳ ಬೈಗುಳ ಕೇಳದ ದಿನ ಹಾಜರಿ ಹಾಕಿದಂತೆಯೇ ಆಗುತ್ತಿರಲಿಲ್ಲ.

"ಟಿಪ್ಪು ಕಾಲ್ದಿಂದ ತಟ್ತಾವ್ರೆ ಕಣ್ಲಾ ನಮ್ಮೋರು. ನೀನ್ಯಾವನ್ಲಾ ಕೇಳಕೆ?"

"ಟಿಪ್ಪು ಕಾಲ್ದಲ್ಲಿ ತಟ್ಟಿದ್ರೆ ಫಿರಂಗಿ ಬಾಯ್ಗೆ ಕಟ್ಟೋರು ಕಣಮ್ಮ."

"ಕಟ್ಲಿ ಬುಡು. ನಿನ್ ಮೊಕ ನೋಡದಾದ್ರೂ ತಪ್ಪದು."

ಹೀಗಿರುವಾಗ ಒಂದು ಬೆಳಗ್ಗೆ ಆ ಜಾಗದ ಒಂದು ತೂಬಿನ ಮುಂದೆ ಕುಯ್ದ ನಿಂಬೆಹಣ್ಣು, ಕುಂಕುಮ ಬಿದ್ದಿದ್ದವು. ತೂಬಿನೊಳಗೆ ಹಾರೆ ಹಾಕಿ ಮೀಟಿದ ಗುರುತಿತ್ತು. ನಿಧಿ ಹುಡುಕುವವರು. ಕೋಟೆ ಎಂದರೆ ಚಿನ್ನ ಹೂತಿಟ್ಟ ಜಾಗ ಎಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಆಗ ನಮ್ಮ ಮೇಲಿದ್ದ ಎಂಜಿನಿಯರ್ ಸಾಹೇಬರು ಬಂದು ನೋಡಿ, ಆ ಉದ್ದಕ್ಕಿದ್ದ ತೂಬುಗಳನ್ನೆಲ್ಲ ಕಲ್ಲು ಗಾರೆ ತುಂಬಿ ಮುಚ್ಚಲು ಹೇಳಿದರು. ಅನ್ವರ್ ಮುಚ್ಚಿದ. ನಾನು ಕಲ್ಲು ಎತ್ತಿಕೊಟ್ಟೆ. ನಮ್ಮ ಮೂವರಿಗೂ ಅದು ಸರಿಯೆನಿಸಿತ್ತು. ಕಳ್ಳ ಬರುವ ದಾರಿ ಮುಚ್ಚಿದೆವು ಎನ್ನುವ ಸಮಾಧಾನದಲ್ಲಿ ಅಂದು ಟೀ ಕುಡಿದೆವು.

ಅನ್ವರನ ಗಾರೆಯ ಬಗ್ಗೆ ಎರಡು ಮಾತು. ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ನೆನೆಹಾಕಿ, ಮರಳು ಸೇರಿಸಿ ಅರೆದು, ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರು ಬೆರೆಸುತ್ತಿದ್ದ. ಬೆಲ್ಲ ಮಂಡ್ಯದಿಂದ ಬರುತ್ತಿತ್ತು. ಅಚ್ಚು ಒಡೆಯುವಾಗ ಒಂದು ಚೂರು ಬಾಯಿಗೆ ಹೋಗುತ್ತಿತ್ತು. ನಾನು ನೋಡಿದರೆ ಇನ್ನೊಂದು ಚೂರು ನನ್ನ ಕೈಗೆ ಬರುತ್ತಿತ್ತು. "ತಿನ್ಲಾ ಸ್ವಾಮಿ, ಗೋಡೆಗೇನು ಸಕ್ಕರೆ ಕಾಯಿಲೆ ಬರ್ಬೇಕಾ?" ಎನ್ನುತ್ತಿದ್ದ. ಈಗ ಸುಣ್ಣ ಚೀಲದಲ್ಲಿ ಬರುತ್ತದೆ, ಯಂತ್ರ ಕಲಸುತ್ತದೆ. ಕೆಲಸ ಬೇಗ ಆಗುತ್ತದೆ, ಕೆಟ್ಟದ್ದೆಂದು ಹೇಳಲಾರೆ. ಬೆಲ್ಲದ ವಾಸನೆ ಇಲ್ಲ, ಅಷ್ಟೇ.

ತೂಬು ಮುಚ್ಚಿದ ಮೇಲೆ ಒಂದು ಮಳೆಗಾಲ ಕಳೆಯಿತು. ಗೋಡೆಯ ಮೇಲೆ, ತಾಯಮ್ಮ ಬೆರಣಿ ತಟ್ಟುವ ಜಾಗದ ಪಕ್ಕದಲ್ಲೇ, ಒಂದು ಬಿರುಕು ಕಾಣಿಸಿಕೊಂಡಿತು. ಗೋಡೆಯಲ್ಲಿ ಬಿರುಕಿದ್ದರೆ ಅದು ಹಳೆಯದೋ ಈಗಲೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಆಗ ಒಂದು ಸುಲಭ ಉಪಾಯವಿತ್ತು. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಹಿಟ್ಟು ಮೆತ್ತುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಯಾರಾದರೂ ಒಡೆದು ಹೊಸ ಗಾಜು ಅಂಟಿಸಿ ಮೋಸ ಮಾಡಬಾರದೆಂದು ಸಾಹೇಬರು ಹಸಿ ಪ್ಲಾಸ್ಟರಿನ ಮೇಲೆ ಅನ್ವರನ ಹೆಬ್ಬೆಟ್ಟು ಒತ್ತಿಸಿದರು.

ಬೇಸಿಗೆಯಲ್ಲಿ ಗಾಜು ಒಡೆಯಿತು. ಹೊಸದು ಹಾಕಿದೆವು. ಅದೂ ಒಡೆಯಿತು.

ಸಾಹೇಬರು ನನ್ನನ್ನು ಬೇವಿನ ಮರದ ಹತ್ತಿರ ಕರೆದರು. ಮಳೆಯಿಲ್ಲ, ತಿಂಗಳುಗಳಿಂದ ಮೋಡವೇ ಇಲ್ಲ, ಒಣಗಿದ ಗೋಡೆ ಯಾಕೆ ಸರಿಯುತ್ತದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

"ಗಾಜು ಒಡೆದರೆ ರಿಪೇರಿ ಮುಂದುವರಿಯುತ್ತೆ. ರಿಪೇರಿ ಮುಂದುವರಿದರೆ ಯಾರಿಗೆ ಕೆಲಸ?" ಎಂದರು.

ಆಚೆ ಗಾರೆ ಕಲಸುತ್ತಿದ್ದ ಅನ್ವರನ ಕಡೆ ಕಣ್ಸನ್ನೆ ಮಾಡಿದರು.

"ನಿನ್ನ ಸ್ನೇಹಿತ ಅಂತ ಗೊತ್ತು. ಅದಕ್ಕೇ ನಿನಗೆ ಹೇಳ್ತಿರೋದು. ಅವನ ಮೇಲೆ ಕಣ್ಣಿಡು. ಇನ್ನೊಂದು ಗಾಜು ಹಾಗೇ ಒಡೆದರೆ ಅವನನ್ನು ಬಿಡಿಸಿ ಬೇರೆಯವರನ್ನು ಕರೆಸ್ತೀನಿ."

ದಿನಗೂಲಿ ಗಾರೆಯವನಿಗೆ ಕೆಲಸ ಹೋದರೆ ಇನ್ನೊಂದು ಕಡೆ ಸಿಗಬಹುದು. ಆದರೆ ಸ್ಮಾರಕ ಒಡೆದವನು ಎನ್ನುವ ಹೆಸರು ಬಂದರೆ ಮಸೀದಿಯ ಕಟ್ಟೆ ಕೆಲಸವೂ ಸಿಗುವುದಿಲ್ಲ, ಗುಡಿಯ ಕೆಲಸವೂ ಸಿಗುವುದಿಲ್ಲ. ಅನ್ವರನ ತಂದೆಯೂ ಅದೇ ಗೋಡೆಗೆ ಗಾರೆ ಹಚ್ಚಿದವರು. ಇವನಿಗೆ ಆ ಗೋಡೆಯ ಬಳಿ ಬರಬೇಡ ಎನ್ನುವುದು ಕೂಲಿ ಕಿತ್ತುಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆ.

ಮರುದಿನ ಬಸ್ಸಿನಲ್ಲಿ, ಅವನು ಸೀಟಿನ ಮೇಲಿನ ಟವಲು ಎತ್ತಿ ಕೂರುತ್ತಿದ್ದಂತೆ ಎಲ್ಲವನ್ನೂ ಹೇಳಿದೆ.

"ನಿಂಗೇನ್ ಅನ್ಸದೆ?" ಎಂದ.

"ನೀನು ಒಡೆದಿಲ್ಲ ಅನ್ಸದೆ."

"ಅನ್ಸದೆ ಅಂದ್ರೆ? ನೋಡಿದ್ಯಾ?"

"ನೋಡಿಲ್ಲ."

"ಮತ್ತೆ ಕಣ್ಣಿಡ್ಲಾ. ಸರ್ಯಾಗಿಡು. ನಾನೂ ನಿನ್ ಮ್ಯಾಲಿಡ್ತೀನಿ. ಯಾರಿಗ್ ಗೊತ್ತು, ಒಡೀತಿರೋನು ನೀನೇ ಇದ್ರೆ?"

ನಗುತ್ತಲೇ ಅಂದ. ಆದರೆ ಬನ್ನೂರಿನಲ್ಲಿ ಇಳಿದಾಗ ನನಗೆ ಕಾಯದೆ ಮುಂದೆ ನಡೆದ.

ಅಂದು ಹೊಸ ಗಾಜು ಅಂಟಿಸಿ, ಹೆಬ್ಬೆಟ್ಟು ಒತ್ತಿ, ಅದರ ಎದುರಿಗೆ ಇಬ್ಬರೂ ಕೂತೆವು. ಅವನು ಎದ್ದು ಹೋದರೆ ನಾನೂ ಜೊತೆಗೆ ಹೋಗುವುದು, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಇಬ್ಬರೂ ಒಟ್ಟಿಗೆ ಬರುವುದು. ಕೂತ ಮೇಲೆ ಅನ್ವರನಿಗೆ ಒಂದು ವಿಷಯ ಹೊಳೆಯಿತು.

"ಲೇ ಸ್ವಾಮಿ, ಈಗ ಇದು ತಾನಾಗೇ ಒಡೀತು ಅಂತಿಟ್ಕೋ. ನೀನೋಗಿ ಯೋಳಿದ್ರೆ ಸಾಯೇಬ್ರು ನಂಬ್ತಾರಾ? ಇಬ್ರೂ ಸೇರ್ಕಂಡ್ ಒಡೆದ್ರು ಅಂತಾರೆ. ನಮ್ಮಿಬ್ರುನ್ನೂ ಕಂಡ್ರಾಗ್ದಿರೋರು ಒಬ್ರು ಬೇಕು ಕಣ್ಲಾ ಸಾಕ್ಷಿಗೆ."

ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು. ಬೆರಣಿಗಳ ಹತ್ತಿರ ತಾಯಮ್ಮ ಕಲ್ಲಿನ ಮೇಲೆ ಕೂತು ನಮ್ಮನ್ನೇ ದಿಟ್ಟಿಸುತ್ತಿದ್ದಳು.

ಅನ್ವರ್ ಹೋಗಿ ವಿನಯದಿಂದ ಕೇಳಿದ. ಅವಳು ಪೂರ್ತಿ ಕೇಳಿಸಿಕೊಳ್ಳುವ ಮುಂಚೆಯೇ ಸಿಡಿದಳು. "ನೀವ್ ಕರೀದಿದ್ರೂ ನಾನಿಲ್ಲೇ ಕುಂತಿರದು. ನನ್ ಬೆರಣಿಗೆ ನೀರಾಕ್ತಿರೋರು ಯಾರು ಅಂತ ನಂಗೂ ಗೊತ್ತಾಗ್ಬೇಕು. ಕಿತ್ತಾಕದು ಸಾಲ್ದು ಅಂತ ಈಗ ನೀರ್ ಬೇರೆ ಸುರೀತಾವ್ನೆ ಈ ನಿಮ್ ಸ್ವಾಮಿ!"

ನಾನು ಎಂದೂ ನೀರು ಹಾಕಿದವನಲ್ಲ. ಗೋಡೆಯ ಬುಡ ತೇವವಾಗಿರುವುದನ್ನು ನಾನೂ ನೋಡಿದ್ದೆ. ಅವಳೇ ಎಮ್ಮೆ ತೊಳೆದ ನೀರು ಎರಚುತ್ತಾಳೆ ಎಂದು ನನಗೆ ಅವಳ ಮೇಲೆ ಅನುಮಾನವಿತ್ತು. ಅಂತೂ ಸಾಹೇಬರಿಗೆ ಅನ್ವರನ ಮೇಲೆ, ತಾಯಮ್ಮನಿಗೆ ನನ್ನ ಮೇಲೆ, ನನಗೆ ತಾಯಮ್ಮನ ಮೇಲೆ. ಗೋಡೆಯೊಂದನ್ನು ಬಿಟ್ಟು ಎಲ್ಲರ ಮೇಲೂ ಎಲ್ಲರಿಗೂ ಅನುಮಾನ.

ಹೀಗೆ ಮೂವರೂ ಒಬ್ಬರನ್ನೊಬ್ಬರು ಕಾಯುತ್ತಾ ಕೆಲವು ದಿನ ಕಳೆದೆವು. ಒಂದು ಮಧ್ಯಾಹ್ನ ಅನ್ವರ್ ತನ್ನ ಬುತ್ತಿಯ ಮುಚ್ಚಳ ತೆಗೆಯುತ್ತಿದ್ದ. ತಾಯಮ್ಮ ಎಲೆ ಅಡಿಕೆ ಹಾಕುತ್ತಿದ್ದಳು. ಗೋಡೆಯ ಕಡೆಯಿಂದ 'ಟಿಕ್' ಎಂದು ಸಣ್ಣ ಶಬ್ದ ಬಂತು, ಬಳೆ ಒಡೆದ ಹಾಗೆ. ನಮ್ಮ ಮೂವರ ಕಣ್ಣೆದುರಿಗೇ ಗಾಜಿನ ನಡುವೆ ಗೆರೆ ಮೂಡಿತ್ತು. ಅದರ ಹತ್ತಿರ ಒಂದು ನೊಣವೂ ಇರಲಿಲ್ಲ.

"ಅಯ್ಯೋ ಶಿವ್ನೇ, ಯಾರೂ ಮುಟ್ನಿಲ್ವಲ್ಲೋ!" ಎಂದಳು ತಾಯಮ್ಮ.

ಅನ್ವರ್ ಬುತ್ತಿ ಕೆಳಗಿಟ್ಟ. ಮುಚ್ಚಳ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನೂ ನಾನು ನೋಡಿದೆ. ಕೈ ನೋಡುವುದು ನನ್ನ ಕೆಲಸ.

ಸಾಹೇಬರಿಗೆ ಫೋನು ಮಾಡಿಸಿ ಕರೆಸಿದೆವು. ಬಂದವರು ಗಾಜು ನೋಡಿದರು, ಹೆಬ್ಬೆಟ್ಟಿನ ಗುರುತು ನೋಡಿದರು. ನಮ್ಮಿಬ್ಬರ ಮಾತಿಗೆ ಅವರು ಕಿವಿಗೊಡಲಿಲ್ಲ. ತಾಯಮ್ಮನನ್ನೇ ಕೇಳಿದರು: "ಇವರ ಪರವಾಗಿ ಹೇಳ್ತಿದ್ದೀಯೇನಮ್ಮ?"

"ಇವುರ್ ಪರ ಯೋಳಕೆ ಇವುರೇನ್ ನನ್ ಒಡವುಟ್ದೋರಾ ಸಾಮಿ? ಈ ಸ್ವಾಮಿಗೆ ಕೆಲ್ಸ ಓದ್ರೆ ನಾನು ಪಾಯ್ಸ ಮಾಡ್ತೀನಿ. ಆದ್ರೆ ಗಾಜು ತಾನಾಗೇ ಒಡೀತು. ಈ ಸಾಬಣ್ಣ ಬುತ್ತಿ ಬಿಚ್ತಿದ್ದ. ಇರದ್ನ ಇದ್ದಂಗ್ ಯೋಳ್ತೀನಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅದಿರ್ಲಿ, ನನ್ ಬೆರಣಿ ವಿಚಾರ ಕೇಳಿ. ಬ್ಯಾಸ್ಗೇಲೂ ಒಣಗ್ತಾ ಇಲ್ಲ. ಇವ್ನು ನೀರಾಕ್ತಾನೆ."

ಬೇರೆ ಯಾರಾಗಿದ್ದರೂ ಅವಳನ್ನು ಗದರಿಸಿ ಕಳಿಸುತ್ತಿದ್ದರು. ಈ ಸಾಹೇಬರು ಯಾರ ಮಾತನ್ನೂ ಪರೀಕ್ಷಿಸದೆ ಬಿಡುವವರಲ್ಲ. ಗೋಡೆಯ ಹತ್ತಿರ ಹೋಗಿ ಶರ್ಟಿನ ತೋಳು ಮಡಿಸಿ ಒಂದು ಬೆರಣಿ ಕಿತ್ತರು. ಹೊರಗಿನ ಮುಖ ಒಣಗಿ ಬಿರಿದಿತ್ತು. ಗೋಡೆಗೆ ಅಂಟಿದ್ದ ಮುಖ ಹಸಿ ಸಗಣಿಯ ಹಾಗೇ ಇತ್ತು. ನೀರು ಹೊರಗಿನಿಂದ ಹಾಕಿದ್ದಾಗಿದ್ದರೆ ಹೊರಮುಖ ಒದ್ದೆಯಾಗಬೇಕಿತ್ತು. ಇನ್ನೊಂದು ಕಿತ್ತರು. ಅದೂ ಹಾಗೇ. ಬೆರಣಿ ಇದ್ದ ಜಾಗಕ್ಕೆ ಅಂಗೈ ಒತ್ತಿ ನೋಡಿದರು. ಆಮೇಲೆ ತಾಯಮ್ಮನನ್ನು ಕೇಳಿದರು, ಗೋಡೆಯ ಆಚೆ ಬದಿ ಏನಿದೆ ಎಂದು.

"ನಮ್ಮನೆ. ನಲ್ಲಿ."

"ನಲ್ಲಿಯ ನೀರು ಚೆಲ್ಲಿದ್ದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗ್ ಓಯ್ತದೆ? ಅಲ್ಲೇ ಗ್ವಾಡೆ ಬುಡುಕ್ಕೆ ಇಂಗ್ತದೆ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ."

ಸಾಹೇಬರು ನಾವು ಮುಚ್ಚಿದ್ದ ತೂಬುಗಳ ಕಡೆ ನೋಡಿದರು. ನಾವೂ ನೋಡಿದೆವು. ಅವಳ ಅತ್ತೆಯ ಕಾಲದಿಂದ ಮಣ್ಣು ಕುಡಿದ ನೀರೆಲ್ಲ ಆ ತೂಬುಗಳಿಂದ ಇಳಿದು ಹೋಗುತ್ತಿತ್ತು. ಕಟ್ಟಿದವರು ಶತ್ರುವಿಗೆ ಒಂದು ಬೆರಳಗಲ ದಾರಿ ಬಿಟ್ಟಿರಲಿಲ್ಲ, ನೀರಿಗೆ ಬಿಟ್ಟಿದ್ದರು. ನಾವು ಅದನ್ನೂ ಮುಚ್ಚಿದ್ದೆವು.

"ಅನ್ವರ್, ಹಾರೆ ತಗೋ" ಎಂದರು ಸಾಹೇಬರು.

ತಾನೇ ಬಿಗಿದ ಕಲ್ಲನ್ನು ತಾನೇ ಕೀಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. "ಎಷ್ಟ್ ಗಟ್ಯಾಗ್ ಆಕಿದ್ದೀನಿ ನೋಡ್ಲಾ" ಎಂದು ಆ ಹೊತ್ತಿನಲ್ಲೂ ಜಂಬ ಕೊಚ್ಚಿದ. ಕಲ್ಲು ಸಡಿಲವಾಗುತ್ತಿದ್ದಂತೆ ಕೆಸರು ನೀರು ಅವನ ಮೊಣಕಾಲಿಗೆ ಹಾರಿತು. ಎಮ್ಮೆ ಬೆದರಿ ಹಗ್ಗ ಕಿತ್ತುಕೊಂಡಿತು. ಸಂಜೆಯವರೆಗೂ ನೀರು ಇಳಿಯಿತು, ಮರುದಿನವೂ ಜಿನುಗಿತು. ಹೊಸದಾಗಿ ಕಬ್ಬಿಣದ ಸಣ್ಣ ಜಾಲರಿ ಮಾಡಿಸಿ ತೂಬುಗಳಿಗೆ ಹಾಕಿದರು. ನಿಧಿಯವರು ಬರಬಾರದು, ನೀರು ಹೋಗಬೇಕು. ನಲ್ಲಿಯ ಕೆಳಗೆ ಒಂದು ಚರಂಡಿಯೂ ಆಯಿತು.

ಸಾಹೇಬರು ತಪ್ಪಾಯಿತು ಎನ್ನಲಿಲ್ಲ. ಕಡೆಯ ಗಾಜು ಅಂಟಿಸುವ ದಿನ ತಾವೇ ಬಂದು ಪಟ್ಟಿಯ ಒಂದು ತುದಿ ಹಿಡಿದುಕೊಂಡು ನಿಂತರು. ಅನ್ವರ್ ಪ್ಲಾಸ್ಟರ್ ಮೆತ್ತಿದ.

"ಹೆಬ್ಬೆಟ್ಟು ಒತ್ತು" ಎಂದರು.

"ಇನ್ಯಾಕ್ ಸಾ?" ಎಂದ ಅನ್ವರ್.

"ಒತ್ತಪ್ಪ. ಇರಲಿ."

ಅವನು ಒತ್ತಿದ, ಸ್ವಲ್ಪ ಜೋರಾಗಿಯೇ. ಆ ಗಾಜು ನಾನು ನಿವೃತ್ತಿಯಾಗುವವರೆಗೆ ಒಡೆಯಲಿಲ್ಲ. ಬೆರಣಿ ಒಣಗತೊಡಗಿದವು. ನಾನು ಅವನ್ನು ಕೀಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹೊಸಬರು ನನ್ನನ್ನು ಕೇಳಬಹುದು, ಹಾಗಾದರೆ ಅನುಮಾನ ಪಡಬಾರದೇ ಎಂದು. ಪಡಬೇಕು. ಅದಿಲ್ಲದೆ ಈ ಕೆಲಸವಿಲ್ಲ. ಆದರೆ ಗಾಜು ಒಡೆದಾಗ ಮೊದಲು ಗೋಡೆಯನ್ನು ಮುಟ್ಟಿ ನೋಡಿ, ಆಮೇಲೆ ಮನುಷ್ಯರ ಕಡೆ ತಿರುಗಿ. ನಾವು ಆ ಬೇಸಿಗೆಯಲ್ಲಿ ಅದನ್ನೇ ತಿರುವುಮುರುವು ಮಾಡಿದೆವು.

ಕೆಲಸ ಬಿಟ್ಟ ಮೇಲೂ ನಾನೂ ಅನ್ವರನೂ ಕಿರುಗಾವಲಿನ ಟೀ ಅಂಗಡಿಯಲ್ಲಿ ಸೇರುತ್ತಿದ್ದೆವು. ಕಳೆದ ವರ್ಷ ಅವನು ಅಂಗಡಿಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದ. ಕೇಳಿದರೆ "ಗ್ಯಾಸ್ಟ್ರಿಕ್ ಕಣ್ಲಾ" ಎನ್ನುತ್ತಿದ್ದ. ನಾನು ನಂಬಲಿಲ್ಲ, ಹೃದಯದ ತೊಂದರೆಯೇ ಎನಿಸಿತು. ಅವನ ಮಗನಿಗೂ ಹೇಳಿದೆ, ಆಸ್ಪತ್ರೆಗೂ ಕರೆದುಕೊಂಡು ಹೋದರು. ಈ ಸಲ ನನ್ನ ಅನುಮಾನ ಸರಿಯಾಗಿತ್ತು. ಸರಿಯಾಗಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಮಣ್ಣು ಕೊಡುವಾಗ ಅವನ ಮಗ ನನ್ನನ್ನೂ ಮುಂದೆ ಕರೆದ. ಮೂರು ಹಿಡಿ ಹಾಕಿದೆ. ಮಣ್ಣು ಒಣಗಿತ್ತು. ಅದನ್ನು ನೋಡಿ ಯಾಕೋ ಸಮಾಧಾನವಾಯಿತು.

ಮೊನ್ನೆ ಪಟ್ಟಣಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಅಭ್ಯಾಸಬಲದಿಂದ ಪಕ್ಕದ ಸೀಟಿಗೆ ಟವಲು ಹಾಸಿದ್ದೆ. ಕಿರುಗಾವಲಿನಲ್ಲಿ ಹತ್ತಿದ ಹೆಂಗಸೊಬ್ಬಳು "ಜನ ಅವ್ರಾ?" ಎಂದಳು. ಟವಲು ತೆಗೆದೆ.

ಕೋಟೆಯಲ್ಲಿ ಈಗ ಕಂಬದ ಮೇಲೆ ಕ್ಯಾಮೆರಾ ಇದೆ. ಬಿರುಕು ಅಳೆಯಲು ಏನೋ ಹೊಸ ಉಪಕರಣ ಇಡುತ್ತಾರಂತೆ. ಕಂದಕದಲ್ಲಿ ನಡೆದು ನಮ್ಮ ಜಾಗಕ್ಕೆ ಬಂದೆ. ತಾಯಮ್ಮ ಇಲ್ಲ, ಅವಳೂ ಹೋಗಿ ಬಹಳ ದಿನವಾಯಿತು. ಆದರೆ ಗೋಡೆಯ ಮೇಲೆ ಸಾಲು ಬೆರಣಿಗಳಿದ್ದವು. ಯಾರು ತಟ್ಟಿದ್ದೋ. ಒಂದನ್ನು ಅಂಚಿನಲ್ಲಿ ಎತ್ತಿ ನೋಡಿದೆ. ಎರಡೂ ಕಡೆ ಒಣಗಿತ್ತು. ಜಾಲರಿಯಾಚೆ ತೂಬು ತೆರೆದಿತ್ತು.

ಗಾಜು ಹಾಗೇ ಇತ್ತು. ಧೂಳು ಕೂತಿತ್ತು, ಒಡೆದಿರಲಿಲ್ಲ. ಬಲ ತುದಿಯ ಪ್ಲಾಸ್ಟರಿನಲ್ಲಿ ಅವನ ಹೆಬ್ಬೆಟ್ಟಿನ ಗುಳಿ, ಸುಣ್ಣ ತಿಂದು ಸವೆದ ಬೆರಳಾದ್ದರಿಂದ ಗೆರೆಗಳು ಕಡಿಮೆ. ನಾನು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದೆ. ನನ್ನ ಹೆಬ್ಬೆಟ್ಟು ಆ ಗುಳಿಯೊಳಗೆ ಹಿಡಿಸುತ್ತದೆಯೇ ಎಂದು ನೋಡಲು ಕೈ ಚಾಚಿದೆ.

"ಏನ್ ತಾತ ಅದು, ಅಲ್ಲೇನ್ ಮಾಡ್ತಿದ್ದೀರಾ?"

ಹಿಂದೆ ಸಮವಸ್ತ್ರದ ಹುಡುಗಿ ನಿಂತಿದ್ದಳು, ಹೊಸ ಕಾವಲುಗಾರ್ತಿ. ಅವಳು ನನ್ನ ಮುಖ ನೋಡಲಿಲ್ಲ. ನೋಡುತ್ತಿದ್ದದ್ದು ಕೈಯನ್ನು.

"ನಾನೂ ಇಲ್ಲೇ ಕೆಲ್ಸದಲ್ಲಿದ್ದೆ ಕಣಮ್ಮ" ಎಂದೆ.

"ಎಲ್ರೂ ಅಂಗೇ ಯೋಳದು. ಮುಟ್ಬ್ಯಾಡಿ, ಈಚೆ ಬನ್ನಿ."

ಕೈ ಹಿಂದಕ್ಕೆ ತೆಗೆದುಕೊಂಡೆ.